ಬಾಗಿಲು ಮಾತ್ರ ಬದಲಾದ ಮನೆ

ನಾನು ಓದಿದ ಕಾನ್ವೆಂಟಿನಲ್ಲಿ ಕರ್ಚೀಫು ಕಳೆದರೂ ಒಂದು ಅಪ್ಲಿಕೇಶನ್ ಬರೆಯಬೇಕಿತ್ತು. 'ರೆಸ್ಪೆಕ್ಟೆಡ್ ಸಿಸ್ಟರ್' ಎಂದು ಶುರುಮಾಡಿ 'ಯುವರ್ಸ್ ಒಬೀಡಿಯಂಟ್ಲಿ' ಎಂದು ಮುಗಿಸುವಷ್ಟರಲ್ಲಿ ಸೋರುವ ಮೂಗು ತಾನಾಗಿಯೇ ನಿಂತಿರುತ್ತಿತ್ತು. ಅಂಥ ಕಡೆ ಬೆಳೆದವಳು ಸೊಸೆಯಾಗಿ ಬಂದದ್ದು, ಲಗ್ನಪತ್ರಿಕೆಯೊಂದನ್ನು ಬಿಟ್ಟರೆ ಬೇರೆ ಯಾವ ಕಾಗದಕ್ಕೂ ಮರ್ಯಾದೆ ಕೊಡದ ಮನೆತನಕ್ಕೆ.

ನನ್ನ ಗಂಡನ ಪಾಲಿಗೆ ಕಂಪ್ಲಿಯ ಮನೆ ಬಂದಿತ್ತು. ಅವರ ದೊಡ್ಡಪ್ಪನ ಮಗನ ಪಾಲಿಗೆ, ಎಂದರೆ ನನ್ನ ಭಾವನವರಿಗೆ, ಹೊಸಪೇಟೆಯ ಚಿತ್ತವಾಡ್ಗಿಯ ಮನೆ. ತೊಂದರೆ ಏನೆಂದರೆ, ನನ್ನ ಗಂಡನ ನೌಕರಿ ಹೊಸಪೇಟೆಯಲ್ಲಿ, ಭಾವನವರ ರೈಸ್ ಮಿಲ್ಲು ಕಂಪ್ಲಿಯಲ್ಲಿ. ದಿನಾ ಬೆಳಿಗ್ಗೆ ಇವರು ಬಸ್ಸಿನಲ್ಲಿ ಕಂಪ್ಲಿಯಿಂದ ಇಲ್ಲಿ ಹೊಸಪೇಟೆಗೆ, ಅವರು ಮೋಟಾರ್ ಸೈಕಲ್ಲಿನಲ್ಲಿ ಇಲ್ಲಿಂದ ಅಲ್ಲಿಗೆ. ನಡುದಾರಿಯಲ್ಲಿ ಎಲ್ಲೋ ಒಬ್ಬರಿಗೊಬ್ಬರು ಕೈ ಬೀಸುತ್ತಿದ್ದರು. ಸಂಜೆ ಮತ್ತೆ ಬೀಸುತ್ತಿದ್ದರು. ಎಷ್ಟೋ ಕಾಲ ಈ ಅಣ್ಣತಮ್ಮಂದಿರ ಸಂಬಂಧ ಬರೀ ಕೈಬೀಸುವುದರಲ್ಲೇ ನಡೆದಿತ್ತು.

ಒಂದು ಸೋಮವಾರ ಎರಡೂ ಮನೆಯವರು ಹಂಪಿಗೆ ಹೋಗಿದ್ದೆವು. ವಿರೂಪಾಕ್ಷನ ದರ್ಶನ ಮುಗಿಸಿ ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕೂತು ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದಾಗ ಭಾವನವರು, "ನೀ ಹೊಸಪ್ಯಾಟಿ ಮನ್ಯಾಗ ಇರು, ನಾ ಕಂಪ್ಲಿ ಮನ್ಯಾಗ ಇರ್ತೀನಿ. ಮುಗೀತು," ಎಂದರು. ನನ್ನ ಗಂಡ, "ಆತಣ್ಣ," ಎಂದರು. ನನ್ನ ಕೈಯಲ್ಲಿದ್ದ ಮಿರ್ಚಿ ಇನ್ನೂ ಬಿಸಿಯಿತ್ತು. ಅಷ್ಟರಲ್ಲಿ ಎರಡು ಮನೆಗಳ ಟ್ರಾನ್ಸ್‌ಫರ್ ಆಗಿಹೋಗಿತ್ತು.

ರಿಜಿಸ್ಟರ್ ಮಾಡಿಸುವುದು ಬೇಡವೇ ಎಂದು ನಾನು ಮೆಲ್ಲಗೆ ಕೇಳಿದೆ. ನನ್ನ ಗಂಡ, ಗುಡಿಯ ಮುಂದೆ ಕೂತು ನಾನೇನೋ ಅಪಶಕುನ ನುಡಿದಂತೆ ನೋಡಿದರು. ಅಣ್ಣತಮ್ಮಂದಿರು ರಿಜಿಸ್ಟ್ರಿ ಆಫೀಸಿನ ಮೆಟ್ಟಿಲು ಹತ್ತಿದರೆ ಜಗಳವಾಗಿದೆ ಎಂದು ಊರೆಲ್ಲ ಮಾತಾಡುತ್ತದಂತೆ. ಭಾವನವರು ಗೋಪುರದ ಕಡೆ ಕೈ ತೋರಿಸಿ, "ಅಂವ ಅದಾನಲ್ಲವ್ವಾ ಸಾಕ್ಷಿ," ಎಂದರು.

ಕಾಗದ ಬದಲಾಯಿಸಲಿಲ್ಲ ನಿಜ, ಆದರೆ ಅವರು ಏನನ್ನೂ ಬದಲಾಯಿಸಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಬಾಗಿಲು ಬದಲಾಯಿಸಿದರು. ಮನೆಯ ಲಕ್ಷ್ಮಿ ಇರುವುದು ತಲಬಾಗಿಲಿನಲ್ಲಿ ಎಂಬುದು ಇಬ್ಬರ ದೃಢ ನಂಬಿಕೆ. ತಲೆಮಾರುಗಳಿಂದ ಅರಿಶಿನ ಕುಂಕುಮ ಕಂಡ ಬಾಗಿಲನ್ನು ಬಿಟ್ಟುಹೋಗುವುದು ಹೇಗೆ? ಹೊಸ್ತಿಲು, ಚೌಕಟ್ಟು ಸಮೇತ ಕಿತ್ತು, ಮಿಲ್ಲಿನ ಲಾರಿಯಲ್ಲಿ ಒಂದು ಬಾಗಿಲು ಬಂತು, ಅದೇ ಲಾರಿಯಲ್ಲಿ ಇನ್ನೊಂದು ಹೋಯಿತು. ಬಾಗಿಲು ಬಂದಮೇಲೆ ಮನೆ ನಮ್ಮದಾಯಿತು. ಇದಕ್ಕಿಂತ ದೊಡ್ಡ ಡಾಕ್ಯುಮೆಂಟ್ ಯಾವುದಿದೆ ಎಂಬುದು ಅವರ ವಾದ.

ಅಳತೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಕಂಪ್ಲಿಯ ಬಾಗಿಲು ಗಿಡ್ಡ, ಬಂದವರು ಬಗ್ಗಿ ಒಳಗೆ ಬರಲಿ ಎಂದು ಹಿಂದಿನವರು ಮಾಡಿಸಿದ್ದು. ಹೊಸಪೇಟೆಯದು ಆನೆ ನುಗ್ಗುವಂಥದ್ದು. ಇಲ್ಲಿ ಮೇಲೆ ಉಳಿದ ಕಿಂಡಿಗೆ ಇಟ್ಟಿಗೆ ತುಂಬಿದರು. ಅಲ್ಲಿ ಗೋಡೆ ಒಡೆದು ಜಾಗ ಮಾಡಿದರು. ನನ್ನ ಗಂಡ ಎತ್ತರದ ಆಳು. ಆಫೀಸಿಗೆ ಹೊರಡುವಾಗ ಹಣೆ ಬಡಿದುಕೊಳ್ಳದ ದಿನ ಕಡಿಮೆ. ಹಣೆ ಉಜ್ಜಿಕೊಳ್ಳುತ್ತ, "ನಮ್ಮ ಬಾಗ್ಲ ಅಂದ್ರ ಬಾಗ್ಲ," ಎಂದು ಅಭಿಮಾನದಿಂದ ಹೇಳಿ ಹೋಗುತ್ತಿದ್ದರು. ಪೂರ್ ಮ್ಯಾನ್. ಈಗಲೂ ಆ ಚೌಕಟ್ಟನ್ನು ಒರೆಸುವಾಗ ನನ್ನ ಕೈ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ.

ಭಾವನವರು ಮೊದಲು ತೀರಿಕೊಂಡರು, ಆಮೇಲೆ ನನ್ನವರು. ಕಂಪ್ಲಿಯಲ್ಲಿ ಭಾವನವರ ಹೆಂಡತಿ, ನನ್ನ ವಾರಗಿತ್ತಿ; ಇಲ್ಲಿ ನಾನು ಮತ್ತು ಸ್ಕೂಲ್ ಟೀಚರ್ ಆಗಿರುವ ನನ್ನ ಮಗಳು. ಎಲ್ಲರೂ ಇ-ಖಾತೆ ಮಾಡಿಸಬೇಕು ಎಂಬ ಗದ್ದಲ ಶುರುವಾದಾಗ, ಗುಡ್ ಸಿಟಿಜನ್ ಆಗಿ ನಾನೂ ಕರೆಂಟ್ ಬಿಲ್ಲು ಹಿಡಿದು ನಗರಸಭೆಗೆ ಹೋದೆ. ಅಲ್ಲಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಭಾವನವರ ಹೆಸರಿತ್ತು.

"ಅಮ್ಮಾರ, ಈ ಮನಿ ನಿಮ್ದಲ್ಲ."

ನಾನು ಎಲ್ಲವನ್ನೂ ವಿವರಿಸಿದೆ. ಬಾಗಿಲು ತಂದದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, ಬಹಳ ಕರುಣೆಯಿಂದ, "ಬಾಗ್ಲಕ್ಕ ಇದರಾಗ ಕಾಲಂ ಇಲ್ರೀ ಅಮ್ಮಾ," ಎಂದರು.

ವಾರಗಿತ್ತಿಗೆ ಫೋನ್ ಮಾಡಿದೆ. ಅವಳು ಎಲ್ಲವನ್ನೂ ಎರಡೆರಡು ಸಲ ಹೇಳಿಸಿದಳು. ಆಮೇಲೆ, "ಹೌದಾ? ಹಂಗಾರ ಹೊಸಪ್ಯಾಟಿ ಮನಿ ಇನ್ನೂ ನಂದಾ?" ಎಂದಳು. ದನಿಯಲ್ಲಿ ಲಾಟರಿ ಹೊಡೆದವರ ಸಂಭ್ರಮ. ವಾರ ಕಳೆಯುವುದರೊಳಗೆ ಬಂದಿಳಿದಳು. ಜೊತೆಗೆ ಅವಳ ಸಂಡೂರಿನ ಅಳಿಯ. ಮೊದಲು ಅದಿರಿನ ಲಾರಿ ಓಡಿಸುತ್ತಿದ್ದ, ಈಗ ರಿಯಲ್ ಎಸ್ಟೇಟ್. ಕೋಣೆ ಕೋಣೆ ಸುತ್ತಿ ಫೋನಿನಲ್ಲೇ ಅಳತೆ ತೆಗೆದ. ಹಂಪಿಗೆ ಬರುವ ಟೂರಿಸ್ಟರಿಗೆ ಇಲ್ಲೊಂದು ಲಾಡ್ಜ್ ಎಬ್ಬಿಸಿದರೆ ಹೇಗಿರುತ್ತದೆ ಎಂದು ನನಗೇ ವರ್ಣಿಸಿದ. ನನ್ನ ಅಡುಗೆಮನೆ ರಿಸೆಪ್ಶನ್ ಆಗುವುದಿತ್ತು.

"ನೀವೇನ್ ಚಿಂತಿ ಮಾಡಬ್ಯಾಡ್ರಿ ಅತ್ತಿ," ಎಂದ. "ಪೇಪರ್ ಪ್ರಕಾರ ಕಂಪ್ಲಿ ಮನಿ ನಿಮ್ದ ಐತಲ್ಲ."

ನಗು ಬರುವಂಥ ಮಾತೇ. ಆದರೆ ನನಗೆ ಬರಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಊರಿನಲ್ಲಿ, ಇನ್ನೊಂದು ಬಚ್ಚಲಿನ ಜಾರುವ ಕಲ್ಲನ್ನು ಕಲಿಯಬೇಕೇ? ಮಗಳ ಸ್ಕೂಲು ಇಲ್ಲಿ, ನನ್ನ ಡಾಕ್ಟರು ಇಲ್ಲಿ, ಗಂಡ ಹಣೆ ಬಡಿದುಕೊಂಡದ್ದೂ ಇಲ್ಲೇ. ಲಾಯರ್ ಹತ್ತಿರ ಓಡಿದೆ. ಒಪ್ಪಂದಕ್ಕೆ ಸಾಕ್ಷಿ ಯಾರೆಂದು ಕೇಳಿದರು. ವಿರೂಪಾಕ್ಷ ಎಂದೆ. "ಅವರನ್ನ ಕೋರ್ಟಿಗೆ ಕರ್ಸಾಕ ಆಗಂಗಿಲ್ರಿ," ಎಂದರು. ಆಮೇಲೆ, "ನಿಮ್ಮ ಕೇಸ್ ಸ್ಟ್ರಾಂಗ್ ಐತಿ. ವಯಸ್ಸು ಸ್ವಲ್ಪ ವೀಕ್ ಐತಿ," ಎಂದೂ ಸೇರಿಸಿದರು.

ಅಳಿಯ ಸಂಡೂರಿಗೆ ಹೋದರೂ ವಾರಗಿತ್ತಿ ನಾಲ್ಕು ದಿನ ಉಳಿದಳು, ಪೂರಾ ಓನರ್ ಆಗಿ. ಕ್ಯಾಲೆಂಡರ್ ನೋಡಿ, "ನನ್ನ ಗ್ವಾಡಿಗೆ ಮೊಳಿ ಹೊಡಿ ಅಂತ ಯಾರ್ ಹೇಳಿದ್ರು ನಿನಗ?" ಎಂದಳು. ಹಿತ್ತಲಿನ ಪೇರಲ ಗಿಡದ ಹಣ್ಣು ಕಿತ್ತು ನನಗೇ ಒಂದು ಕೊಟ್ಟು, ತಿನ್ನು, ಸಂಕೋಚ ಬೇಡ ಎಂದಳು. ಆ ಗಿಡ ನಾನು ನೆಟ್ಟದ್ದು.

ಮುಂದಿನ ವಾರ ನಾನೂ ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಅವಳಿಗೆ ಬಂದ ಅಧಿಕಾರ ನನಗೂ ಬಂದಿತ್ತಲ್ಲ. ಪಡಸಾಲೆಯ ದೊಡ್ಡ ಕುರ್ಚಿಯಲ್ಲಿ ಕೂತು, ನನ್ನ ಅಡುಗೆಕಟ್ಟೆ ಯಾಕೆ ಸೊಟ್ಟಗಿದೆ, ನನ್ನ ಅಟ್ಟಕ್ಕೆ ಇಷ್ಟೊಂದು ಹಳೆಯ ಸಾಮಾನು ಯಾಕೆ ತುಂಬಿದೆ ಎಂದು ವಿಚಾರಿಸಿದೆ. ಅವಳು ಒಳಗಿನಿಂದ, "ಓನರಮ್ಮಾರಿಗೆ ಚಾಕ್ಕ ಸಕ್ರಿ ಎಷ್ಟು ಹಾಕ್ಲಿ?" ಎಂದು ಕೇಳಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಚಹ ಆರಿಹೋಯಿತು.

ನಗು ಮುಗಿದ ಮೇಲೆ ನೇರವಾಗಿ ಕೇಳಿದೆ: ಅಕ್ಕಾ, ನನ್ನ ಮನೆಯನ್ನು ನಿಜವಾಗಿಯೂ ಲಾಡ್ಜಿಗೆ ಕೊಡುತ್ತೀಯಾ?

ಅವಳು ಸೆರಗಿನ ತುದಿ ಸುತ್ತುತ್ತ ಕೂತಳು. "ಅದನ್ನ ಕೊಟ್ರ ನೀ ಇಲ್ಲಿಗೆ ಬರ್ತಿ. ನೀ ಇಲ್ಲಿಗೆ ಬಂದ್ರ ನಾ ಸಂಡೂರಿಗೆ ಹೋಗಬೇಕು. ಅಳಿಯ ಒಳ್ಳ್ಯಾವ, ಮಗಳೂ ಒಳ್ಳ್ಯಾಕಿ. ಆದ್ರ ಆ ಮನ್ಯಾಗ ಮುಂಜಾನಿ ಚಾ ಎಂಟಕ್ಕ ಕೊಡ್ತಾರ ತಂಗಿ. ಐದಕ್ಕ ಎದ್ದಾಕಿ ಎಂಟರ ತನಕ ಏನ್ ಮಾಡ್ಲಿ?"

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ನಾನು ಹೆದರಿದಷ್ಟೇ ಅವಳೂ ಹೆದರಿದ್ದಳು. ನನ್ನ ಮನೆಯ ಹಕ್ಕು ಅವಳ ಕೈಯಲ್ಲಿ, ಅವಳ ಮನೆಯದು ನನ್ನ ಕೈಯಲ್ಲಿ. ಇಬ್ಬರೂ ಬಿಗಿಯಾಗಿ ಮುಷ್ಟಿ ಹಿಡಿದು ಕೂತಿದ್ದೆವು.

ಆಮೇಲೆ ಕಾಗದದ ಕೆಲಸ ಶುರುವಾಯಿತು. ಮೊದಲು ಗಂಡಂದಿರ ಹೆಸರಿನಿಂದ ನಮ್ಮ ಹೆಸರಿಗೆ, ಅದಾದ ಮೇಲೆ ಅದಲು ಬದಲು ಪತ್ರ. ಅವಳ ಮಗಳು ತಾಯಿಯ ಕಣ್ಣು ನೋಡಿ ಸುಮ್ಮನೆ ಸಹಿ ಮಾಡಿದಳು. ಅಳಿಯ ಲಾಡ್ಜಿನ ಪ್ಲಾನನ್ನು ಮಡಚಿ ಜೇಬಿಗಿಟ್ಟ. ಸಬ್ ರಿಜಿಸ್ಟ್ರಾರ್ ಆಫೀಸಿನ ಮಷೀನು ಮಾತ್ರ ನಮ್ಮಿಬ್ಬರ ಹೆಬ್ಬೆಟ್ಟನ್ನು ಗುರುತಿಸಲೇ ಇಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಸವೆದಿದ್ದವು. ಬೇರೆ ಬೇರೆ ಬೆರಳು ಇಟ್ಟು ನೋಡುತ್ತ ಕೂತಾಗ, ವಾರಗಿತ್ತಿ ನನ್ನ ಮುಂದೆ ಒಂದು ಷರತ್ತು ಇಟ್ಟಳು.

"ಸಹಿ ಮಾಡ್ತೀನಿ. ಆದ್ರ ಹೊಸಪ್ಯಾಟಿ ಮನ್ಯಾಗ ರಸ್ತಾ ಕಡೆ ಕ್ವಾಣಿ ಐತಲ್ಲ, ನಾ ಲಗ್ನಾಗಿ ಬಂದು ಮೊದಲು ಕುಂತ ಕ್ವಾಣಿ, ಅದು ನಾ ಇರೋತನಕ ನಂದು. ನಾ ಯಾವಾಗ ಬಂದ್ರೂ."

ಓಹ್, ವಿತ್ ಪ್ಲೆಷರ್, ಎಂದೆ. ಆದರೆ ಈ ಸಲ ಬರೆಸಿಯೇ ಬಿಡೋಣ ಎಂದೂ ಹೇಳಿದೆ. ಪತ್ರ ಬರೆಯುವವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಹಾಗೆ ಬರೆದರೆ ಇಡೀ ಪತ್ರ ಮೊದಲಿನಿಂದ ಮಾಡಬೇಕಾಗುತ್ತದೆ ಎಂದರು. ಅವಳ ಮುಖ ಬಾಡಿತು.

"ನನ್ನ ನಿನ್ನ ನಡುವ ಇದನ್ನೂ ಬರಿಬೇಕೇನು?"

ಅವಳ ಬೆರಳು ಮಷೀನಿನ ಮೇಲಿತ್ತು. ಇನ್ನೊಂದು ಮಾತಾಡಿದರೆ ಎತ್ತಿಬಿಡುತ್ತಿದ್ದಳು. ನನ್ನ ಅಷ್ಟೂ ವರ್ಷಗಳ ಕಾನ್ವೆಂಟ್ ಎಜುಕೇಶನ್ ಗಂಟಲಲ್ಲೇ ಉಳಿಯಿತು. "ಬ್ಯಾಡಕ್ಕಾ. ಮಾತು ಕೊಟ್ಟೀನಿ," ಎಂದೆ. ಅದೇ ಗಳಿಗೆಯಲ್ಲಿ ಮಷೀನು ಕಿಂಯ್ ಎಂದು ಅವಳ ಬೆರಳನ್ನು ಒಪ್ಪಿಕೊಂಡಿತು.

ಈಗ ಮನೆ ನನ್ನದು. ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸಮೇತ, ಆಬ್ಸಲ್ಯೂಟ್ ಓನರ್. ವಾರಗಿತ್ತಿ ಒಂದು ಟ್ರಂಕು ತಂದು ರಸ್ತೆ ಕಡೆಯ ಕೋಣೆಯಲ್ಲಿಟ್ಟು, ತನ್ನದೇ ಬೀಗ ಜಡಿದು ಕಂಪ್ಲಿಗೆ ಹೋಗಿದ್ದಾಳೆ. ನನ್ನ ಹೊಲಿಗೆ ಮಷೀನು, ಎರಡು ಜಾಡಿ ಮಾವಿನ ಉಪ್ಪಿನಕಾಯಿ ಒಳಗೇ ಉಳಿದಿವೆ. ಲಾಯರನ್ನು ಕೇಳಿದೆ. ಮಾತು ಕೊಟ್ಟಿದ್ದೀರಾ ಎಂದರು, ಹೌದು ಎಂದೆ. ಬರವಣಿಗೆಯಲ್ಲಿದೆಯೇ ಎಂದರು, ಇಲ್ಲ ಎಂದೆ. ಅವರು ಮುಂದಿನವರನ್ನು ಒಳಗೆ ಕರೆದರು.

ನಿನ್ನೆ ಅವಳ ಫೋನು ಬಂತು. ನಾಡಿದ್ದು ಬರುತ್ತಾಳಂತೆ, ಅಷ್ಟರಲ್ಲಿ ಕೋಣೆಯ ಧೂಳು ಹೊಡೆದಿರಬೇಕಂತೆ. ಕೀಲಿಕೈ ನಿನ್ನ ಹತ್ತಿರ ಇದೆಯಲ್ಲ ಅಕ್ಕಾ ಎಂದೆ. "ಕಿಟಕಿ ಐತಲ್ಲ," ಎಂದಳು. ಇವತ್ತು ಬೆಳಿಗ್ಗೆ ರಸ್ತೆಯಲ್ಲಿ ನಿಂತು, ಸರಳುಗಳ ನಡುವೆ ಉದ್ದನೆಯ ಕಸಬರಿಗೆ ತೂರಿಸಿ, ಕೈಗೆ ಎಟುಕುವಷ್ಟು ಗುಡಿಸಿದೆ.