ಎಂಟು ಕಡಿಮೆ ಬಂದ ಕಂಪ್ಯೂಟರ್

ಯಾವ ವಸ್ತುವನ್ನೇ ಆಗಲಿ, ತಳ ತಿರುವಿ ನೋಡದೆ ಮನೆಯೊಳಗೆ ತಂದವಳಲ್ಲ ನಾನು. ಜೋಳದ ಚೀಲ ಬಂದರೆ ಮೇಲಿನ ಕಾಳು ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿನ ಹಿಡಿ ತೆಗೆದು ನೋಡುತ್ತೇನೆ. ಕೊಡ ಕೊಂಡರೆ ಅಂಗಡಿಯಲ್ಲೇ ನೀರು ತುಂಬಿಸಿ, ಕಟ್ಟೆಯ ಮೇಲಿಟ್ಟು, ತಳ ಒದ್ದೆಯಾಗುತ್ತದೆಯೇ ಎಂದು ಕಾಯುತ್ತೇನೆ. ಬಾಗೇವಾಡಿಯ ಭಾಂಡೆ ಅಂಗಡಿಯವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ನನ್ನ ಮನಸ್ಸು ಹಗುರವಾಗಿರುತ್ತದೆ. ಪೇಟೆಗೆ ಇಳಿದರೆ ಇರುವುದಿಲ್ಲ. ಅಲ್ಲಿ ದೇವರಿಲ್ಲ ಎಂದಲ್ಲ, ಅಲ್ಲಿ ಅಂಗಡಿಯವರೂ ಇದ್ದಾರೆ.

ಇಂಥವಳು ಒಮ್ಮೆ ಕಂಪ್ಯೂಟರ್ ಕೊಳ್ಳಲು ಹೋಗಬೇಕಾಯಿತು. ತಿರುವಿ ನೋಡೋಣವೆಂದರೆ ಅದರ ತಳ ಯಾವುದೆಂದೇ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಗೃಹಪ್ರವೇಶದ ಕರೆಯೋಲೆ ಇಷ್ಟೇ ಕೆಲಸ. ಮೊದಲು ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುತ್ತಿದ್ದರು. ಆಮೇಲೆ ಹಳೆಯದೊಂದು ಆಫ್‌ಸೆಟ್ ಯಂತ್ರ ಬಂತು. ಅದಕ್ಕೆ ಮೊಳೆ ಬೇಡ, ಕಂಪ್ಯೂಟರಿನಲ್ಲಿ ಜೋಡಿಸಿದ ಪುಟ ಬೇಕು. ಆ ಪುಟಕ್ಕಾಗಿ ಅವರು ಚೀಲ ಹೆಗಲಿಗೆ ಹಾಕಿಕೊಂಡು ವಿಜಾಪುರದ ಬಸ್ಸು ಹತ್ತುತ್ತಿದ್ದರು. ಪತ್ರಿಕೆಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿದ್ದರೆ ಮತ್ತೆ ಬಸ್ಸು. ಲಗ್ನದ ದಿನಗಳಲ್ಲಿ ಅವರು ಮನೆಯಲ್ಲಿ ಇದ್ದುದಕ್ಕಿಂತ ಬಸ್ಸಿನಲ್ಲಿ ಇದ್ದುದೇ ಹೆಚ್ಚು.

ಅದೇ ಹೊತ್ತಿಗೆ ನನ್ನ ನಾದಿನಿ, ಎಂದರೆ ಅವರ ತಂಗಿ, ಝಳಕಿಯ ಗಂಡನ ಮನೆ ಬಿಟ್ಟು ಬಂದು ನಮ್ಮೊಂದಿಗೇ ಇದ್ದಳು. ಹೆಣ್ಣು ಕೊಡುವಾಗ ಆ ಮನೆಯನ್ನು ಎಲ್ಲರೂ ಮೇಲಿನಿಂದ ನೋಡಿದ್ದರು. ಹೊಸ ಗಚ್ಚಿನ ಮನೆ, ರಸ್ತೆಗೆ ಹತ್ತಿದ ಹೊಲ, ನಗುನಗುತ್ತಾ ಮಾತಾಡುವ ಅತ್ತೆ. ಒಳಗೆ ಏನಿತ್ತೆಂಬುದು ಆಕೆಯ ತೋಳಿನ ಮೇಲೆ ಕಂಡಿತು. ಈಗ ಎರಡೂ ಕಡೆಯ ಹಿರಿಯರು ಎರಡು ಸಲ ಬಂದು, ಗಂಡನ ಜೊತೆ ಹೊಂದಿಸಿ ಕಳಿಸೋಣ, ಹೆಣ್ಣುಮಗಳು ಕೈಖಾಲಿ ಕುಳಿತು ಎಷ್ಟು ದಿನ ತವರಿನಲ್ಲಿ ಇರುತ್ತಾಳೆ ಎಂದು ಹೇಳಿ ಹೋಗಿದ್ದರು. ಕೈಖಾಲಿ ಎಂಬ ಆ ಮಾತು ಆಕೆಗೆ ನಾಟಿತ್ತು. ಊರಿನ ಕಂಪ್ಯೂಟರ್ ಕ್ಲಾಸಿಗೆ ಸೇರಿ ಅಕ್ಷರ ಜೋಡಿಸುವುದನ್ನು ಕಲಿತಳು. ಕಲಿತವಳಿಗೆ ಒಂದು ಯಂತ್ರ ಬೇಕಿತ್ತು.

ನಮ್ಮವರು ಒಪ್ಪಿದರು, ಅರ್ಧ ಮನಸ್ಸಿನಿಂದ. "ಮಾಡ್ಲಿ. ಆದ್ರ ಲಗ್ನದ ದಿನಾ ಬರೂದರಾಗ ಮಶಿನ್ ಸರಿ ಇರಬೇಕು. ಮಂದಿ ಪತ್ರಿಕಿ ಕೆಟ್ರ ನಾ ಊರಾಗ ಮಾರಿ ತೋರಸಾಕ ಆಗಂಗಿಲ್ಲ. ಕೆಟ್ಟಿತು ಅಂದ್ರ ನಾ ವಿಜಾಪುರಕ್ಕ ಹೋಗೂದ, ಈಕಿ ಮನ್ಯಾಗ ಕುಂಡ್ರೂದ."

ಹಣಕ್ಕೆ ಆ ತಿಂಗಳು ನಮ್ಮ ಓಣಿಯ ಹೆಂಗಸರ ಭಿಶಿ ನನ್ನ ಹೆಸರಿಗೆ ಬಿದ್ದಿತ್ತು. ತಿಂಗಳು ತಿಂಗಳು ಎಲ್ಲರೂ ಇಷ್ಟಿಷ್ಟು ಹಾಕಿ, ಚೀಟಿ ಎತ್ತಿ ಒಬ್ಬರಿಗೆ ಕೊಡುವ ಹಣ ಅದು. ಬೇಕಾದ ತಿಂಗಳಲ್ಲೇ ಚೀಟಿ ಬಿದ್ದದ್ದು ಬಸವಣ್ಣನ ದಯೆ ಎಂದುಕೊಂಡೆ. ಆದರೆ ಕಂಪನಿಯ ತಯಾರು ಕಂಪ್ಯೂಟರಿಗೆ ಅದು ಸಾಲದು. ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ಒಬ್ಬರು ಸೊಲ್ಲಾಪುರದಿಂದ ಬಿಡಿ ಭಾಗ ತರಿಸಿ, ಗಿರಾಕಿ ಹೇಳಿದಂತೆ ಜೋಡಿಸಿ ಕೊಡುತ್ತಾರೆ ಎಂದು ನಾದಿನಿ ತಿಳಿದುಕೊಂಡು ಬಂದಿದ್ದಳು. ಇಬ್ಬರೂ ಹೊರಟೆವು.

ಬಸ್ಸಿನಲ್ಲಿ ಆಕೆ ನನಗೆ ಪಾಠ ಹೇಳಿದಳು. "ಹಾರ್ಡ್ ಡಿಸ್ಕ್ ಅಂದ್ರ ಅಡಕಲಗಡಿಗಿ ಇದ್ದಂಗ ವೈನಿ. ಎಲ್ಲಾ ತುಂಬಿ ಇಡೂದು. ರ‍್ಯಾಮ್ ಅಂದ್ರ ಅಡಗಿ ಕಟ್ಟಿ. ಕಟ್ಟಿ ಸಣ್ಣದಿದ್ರ ಒಂದ ಕೆಳಗಿಟ್ಟು ಒಂದ ತೊಗೊಂಡು, ಒಂದ ಕೆಳಗಿಟ್ಟು ಒಂದ ತೊಗೊಂಡು, ಅಡಗಿ ಯಾವಾಗ ಆಗಬೇಕು? ನಮ್ಮ ಕ್ಲಾಸಿನ ಮಶಿನ್ ಹಂಗ ಐತಿ. ಪತ್ರಿಕಿ ಮ್ಯಾಲ ಗಣಪತಿ ಚಿತ್ರ ಇಟ್ರ, ಕಿರೀಟ ಬಂದು ಹೊಟ್ಟಿ ಬರೂದರಾಗ ಚಾ ಕುಡದ ಬರಬಹುದು."

"ಹಂಗಾದ್ರ ನಮಗ ದೊಡ್ಡ ಕಟ್ಟಿ ಬೇಕು," ಎಂದೆ. ಅಷ್ಟು ನನಗೆ ತಿಳಿಯಿತು.

ಅಂಗಡಿಯವರು ನಮ್ಮನ್ನು ಕಂಡ ಕೂಡಲೇ, "ಬರ್ರಿ ಅಕ್ಕಾರ, ಕುಂಡ್ರರಿ, ಚಾ ತೊಗೊಳ್ರಿ," ಎಂದರು. ಇನ್ನೂ ಏನೂ ಕೊಳ್ಳದವರಿಗೆ ಚಹಾ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಚಹಾ ಕುಡಿದೆ, ಗುಮಾನಿಯನ್ನು ಬಿಡಲಿಲ್ಲ.

ಅವರು ದೊಡ್ಡ ಸ್ಪೀಕರ್ ತೋರಿಸಿದರು, ಬಣ್ಣದ ದೀಪ ಉರಿಯುವ ಡಬ್ಬಿ ತೋರಿಸಿದರು. ನಾದಿನಿ ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿದಳು. "ಸ್ಪೀಕರ್ ಬ್ಯಾಡ್ರಿ, ಲಗ್ನಪತ್ರಿಕಿ ಹಾಡಂಗಿಲ್ಲ. ಪ್ರೊಸೆಸರ್ ಒಂದ ಮೆಟ್ಟಲಾ ಕೆಳಗಿಂದ ಹಾಕ್ರಿ. ಉಳದ ರೊಕ್ಕಾ ರ‍್ಯಾಮಿಗೆ ಹಾಕ್ರಿ. ನನಗ ನೂರಾ ಇಪ್ಪತ್ತೆಂಟು ಎಂಬಿ ಬೇಕು."

ಗಂಡನ ಮನೆಯಿಂದ ಬಂದಾಗಿನಿಂದ ಆಕೆ ಒಬ್ಬರ ಮುಂದೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಂಗಡಿಯವರು ಲೆಕ್ಕ ಹಾಕಿದರು. ಭಿಶಿಯ ಹಣ ಮೀರುತ್ತಿತ್ತು. "ಹಿಂಗ ಮಾಡೂಣ್ರಿ," ಎಂದರು. "ಪರದೆಗೆ ಚಿತ್ರ ಕಳಸಾಕ ಒಂದ ಡಿಸ್‌ಪ್ಲೇ ಕಾರ್ಡ್ ಬೇಕಲ್ರಿ, ಅದನ್ನ ಬಿಡೂಣು. ಅದು ಒಳಗ ಇರೂ ಅಂಥಾ ಮದರ್ ಬೋರ್ಡ್ ಐತಿ. ಕಾರ್ಡಿನ ರೊಕ್ಕಾ ಉಳೀತು. ಫುಕಟ್ ಬಂದಂಗ."

"ಫುಕಟ್ ಯಾಕ ಕೊಡ್ತಾರ್ರೀ?" ಎಂದೆ.

"ಕಂಪನಿಯವ್ರು ಕೊಡ್ತಾರ್ರೀ ಅಕ್ಕಾರ."

"ಕಂಪನಿಯವ್ರು ನಿಮಗ ಬೀಗರೇನ್ರಿ?"

ನಾದಿನಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮುಂಗಡ ಕೊಟ್ಟು ಎದ್ದೆವು.

ಸಾಮಾನು ಬಂದಿದೆ ಎಂದು ಸುದ್ದಿ ಬಂದಾಗ ನಾನು ಎರಡು ವಸ್ತು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಒಂದು ವಿಭೂತಿ, ಇನ್ನೊಂದು ನೇಲ್ ಪಾಲಿಶ್. ನಮ್ಮ ಕಡೆ ಲಗ್ನಕ್ಕೆ ಒಬ್ಬರ ಭಾಂಡೆ ಒಬ್ಬರು ತರುವುದು ರೂಢಿ. ಹೆಸರು ಕೆತ್ತಿಸಿದ ಭಾಂಡೆಯೂ ಊಟದ ಗದ್ದಲದಲ್ಲಿ ಬದಲಾಗುತ್ತದೆ, ಆ ಹೊತ್ತಿನಲ್ಲಿ ಹೆಸರು ಓದುವವರು ಯಾರು? ಅದಕ್ಕೇ ನಾನು ಪ್ರತಿಯೊಂದರ ತಳಕ್ಕೆ ಕೆಂಪು ನೇಲ್ ಪಾಲಿಶಿನ ಬೊಟ್ಟು ಇಟ್ಟು ಕಳಿಸುತ್ತೇನೆ. ಇಂದಿನವರೆಗೆ ನನ್ನದೊಂದು ಚಮಚ ಸಹ ಬದಲಾಗಿಲ್ಲ. ಕಂಪ್ಯೂಟರಿನ ರ‍್ಯಾಮ್ ಎಂಬುದು ಹಚ್ಚಿದಷ್ಟೇ ಸುಲಭವಾಗಿ ಕಳಚಿಬರುವ ಪಟ್ಟಿ, ಒಳ್ಳೆಯದನ್ನು ತೋರಿಸಿ ಕಡಿಮೆಯದನ್ನು ಹಚ್ಚಿ ಕೊಡುತ್ತಾರೆ ಎಂದು ನಾದಿನಿಯೇ ಎಲ್ಲೋ ಕೇಳಿದ್ದಳು. ಆ ಮಾತು ನನ್ನ ಕಿವಿಗೆ ಬೀಳಬಾರದಿತ್ತು.

ನಾನು ಬಾಟಲಿಯ ಮುಚ್ಚಳ ತೆಗೆದಾಗ ಅಂಗಡಿಯವರು ಬೆಚ್ಚಿಬಿದ್ದರು. "ಇದೇನ್ರಿ ಅಕ್ಕಾರ?"

"ಗುರುತು."

"ಬಿಲ್ಲಿನ್ಯಾಗ ನಂಬರ್ ಬರದು ಕೊಡ್ತೇನಲ್ರಿ."

"ನಂಬರ್ ನಿಮಗ ಓದಾಕ ಬರ್ತೈತಿ. ನನಗ ಕೆಂಪ ಬಣ್ಣ ಓದಾಕ ಬರ್ತೈತಿ."

ಅವರು ಹಣೆ ಒರೆಸಿಕೊಂಡು, "ಪಟ್ಟಿಯ ಬಂಗಾರಬಣ್ಣದ ಹಲ್ಲಿಗೆ ಮುಟ್ಟಸಬ್ಯಾಡ್ರಿ, ಅಂಚಿಗೆ ಹಚ್ಚರಿ," ಎಂದರು. ಅರವತ್ನಾಲ್ಕರ ಎರಡು ಪಟ್ಟಿಗಳಿದ್ದವು, ಎರಡಕ್ಕೂ ಒಂದೊಂದು ಬೊಟ್ಟು ಇಟ್ಟೆ. ವಿಭೂತಿಯನ್ನು ಮಾತ್ರ ಒಳಗೆ ಹಚ್ಚಲು ಬಿಡಲೇ ಇಲ್ಲ; ಪುಡಿ ಬಿದ್ದರೆ ಯಂತ್ರ ಚಾಲೂ ಆಗುವುದಿಲ್ಲವಂತೆ. ಹೊರಗಿನ ಡಬ್ಬಿಗೆ ಮೂರು ಬೆರಳು ಎಳೆದು ಕೈಮುಗಿದೆ. ದೇವರ ಗುರುತು ಹೊರಗೆ, ನನ್ನ ಗುಮಾನಿಯ ಗುರುತು ಒಳಗೆ.

ಜೋಡಿಸಿ, ಅಕ್ಷರಗಳನ್ನೆಲ್ಲ ತುಂಬಲು ಒಂದು ದಿನ ಹಿಡಿಯುತ್ತದೆ ಎಂದು ನಮ್ಮನ್ನು ಕಳಿಸಿಬಿಟ್ಟರು. ಮರುದಿನ ತಾವೇ ಜೀಪಿನಲ್ಲಿ ತಂದು ಇಟ್ಟು, ಚಾಲೂ ಮಾಡಿ ತೋರಿಸಿದರು. ಚಹಾಕ್ಕೆ ನಿಲ್ಲಿರಿ ಎಂದರೆ ಅವಸರವಿದೆ ಎಂದು ಹೋದರು. ಕೊಳ್ಳುವ ಮುಂಚೆ ಚಹಾ ಕುಡಿಸಿದವರು ಕೊಟ್ಟ ಮೇಲೆ ಚಹಾ ಕುಡಿಯದೆ ಹೋದರೆ ಏನು ತಿಳಿಯಬೇಕು?

ನಾದಿನಿ ಗಣಪತಿಯ ಚಿತ್ರ ತೆರೆದಳು. ಕಿರೀಟ, ಸೊಂಡಿಲು, ಹೊಟ್ಟೆ, ಇಲಿ, ಎಲ್ಲ ಒಟ್ಟಿಗೇ ಬಂತು. ಆಕೆ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಯಂತ್ರದ ವಿವರ ತೋರಿಸುವ ಜಾಗವನ್ನು ತೆರೆದು, ಪರದೆಗೆ ಮುಖ ಹತ್ತಿರ ತಂದು ಎರಡೆರಡು ಸಲ ಓದಿದಳು.

"ಏನಾತು?"

"ನೂರಾ ಇಪ್ಪತ್ತು ತೋರಸಾಕತ್ತೈತಿ ವೈನಿ. ಎಂಟು ಕಡಿಮಿ ಐತಿ. ಅಣ್ಣಗ ಹೇಳಬ್ಯಾಡ್ರಿ."

ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಮೊದಲನೇ ದಿನಾನ ತೂಕದಾಗ ಕಡಿಮಿ," ಎಂದರು. ಬೈಯಲಿಲ್ಲ, ಅದೇ ನನಗೆ ಭಾರವೆನಿಸಿತು. "ಇದರ ಮ್ಯಾಲ ಮಂದಿ ಪತ್ರಿಕಿ ಹೆಂಗ ಬಿಡ್ಲಿ? ಇದು ಬಗಿಹರಿಯೂತನಾ ನನ್ನ ಕೆಲಸಾ ವಿಜಾಪುರದಾಗ ಆಗ್ಲಿ." ಮುದ್ದೇಬಿಹಾಳದ ಕಡೆಯವರ ಲಗ್ನಪತ್ರಿಕೆಯ ಬರಹ ಅವರ ಕೈಯಲ್ಲಿತ್ತು. ಅದನ್ನು ಮಡಿಚಿ, ಗೂಟಕ್ಕೆ ತೂಗುಹಾಕಿದ್ದ ವಿಜಾಪುರದ ಚೀಲದಲ್ಲಿ ಇಟ್ಟರು. ನಾದಿನಿ ಯಂತ್ರ ಆರಿಸಿ ಅದರ ಮೇಲೆ ಬಟ್ಟೆ ಮುಚ್ಚಿದಳು.

ನನಗೆ ಯಾವ ಸಂಶಯವೂ ಉಳಿಯಲಿಲ್ಲ. ಪಟ್ಟಿ ಬದಲಾಗಿದೆ. ಮುಂಜಾನೆ ಪೂಜೆ ಮುಗಿಸಿ, ಪರದೆಯನ್ನು ಮನೆಯಲ್ಲೇ ಬಿಟ್ಟು, ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ನಾದಿನಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತು; ಅದೂ ಒಂದು ದಯೆಯೇ. ಕೂಸಿನಂತೆ ತೊಡೆಯ ಮೇಲೆ ಹಿಡಿದು ಕುಳಿತಿದ್ದೆ. ಪಕ್ಕದ ಅಜ್ಜಿ ಕೌದಿ ಸರಿಸಿ ನೋಡಿ, "ಇದಕ್ಕ ಏನ ಹುಷಾರಿಲ್ಲಬೇ?" ಎಂದು ಕೇಳಿದಳು.

"ಯಾರೋ ಹೊಟ್ಟಿ ಹೊಡದಾರಬೇ," ಎಂದೆ.

ಅಂಗಡಿಯವರು ಈ ಸಲ ಚಹಾ ಹೇಳಲಿಲ್ಲ. "ಬಿಚ್ಚರಿ," ಎಂದೆ. ಬಿಚ್ಚಿದರು. ನಾನು ಬಗ್ಗಿ ನೋಡಿದೆ. ಎರಡೂ ಪಟ್ಟಿಯ ಅಂಚಿನಲ್ಲಿ ನನ್ನ ಕೆಂಪು ಬೊಟ್ಟು ಇಟ್ಟ ಜಾಗದಲ್ಲೇ ಇತ್ತು. ಉಗುರಿನಿಂದ ಕೆರೆದು ನೋಡಿದೆ. ನನ್ನದೇ.

ಸಮಾಧಾನವಾಗಬೇಕಿತ್ತು. ಆದರೆ ಕಳ್ಳನನ್ನು ಹಿಡಿಯಲು ಕೌದಿ ಹೊತ್ತು ಅಷ್ಟು ದೂರ ಹೋದವಳಿಗೆ ಕಳ್ಳನೇ ಇಲ್ಲವೆಂದರೆ ನಿಂತಲ್ಲಿ ಏನು ಮಾಡಬೇಕು ತಿಳಿಯುವುದಿಲ್ಲ. ಅಂಗಡಿಯವರು ಗೆದ್ದ ಮುಖ ಮಾಡಿ, "ಓದಿದ್ರೇನ್ರಿ ಅಕ್ಕಾರ, ಕೆಂಪ ಬಣ್ಣ?" ಎಂದರು.

"ಓದಿದೆ. ಹಂಗಾದ್ರ ಎಂಟು ಎಲ್ಲಿ ಹೋತು?"

ಅವರು ಬೋರ್ಡಿನ ಮೇಲೆ ಬೆರಳಿಟ್ಟು ಹೇಳಿದರು. "ಅದು ಡಿಸ್‌ಪ್ಲೇ ತೊಗೋತೈತ್ರಿ. ಬ್ಯಾರೆ ಕಾರ್ಡ್ ಇದ್ರ ಅದಕ್ಕ ಅದರದ ಜಾಗಾ ಇರ್ತೈತಿ. ಬೋರ್ಡಿನ ಒಳಗಿನದಕ್ಕ ಸ್ವಂತದ್ದಿಲ್ಲ. ನಿಮ್ಮ ರ‍್ಯಾಮಿನ್ಯಾಗಿಂದ ಪಾಲ ತೊಗೊಂಡು ನಡಸ್ತೈತಿ."

ನಾದಿನಿಗೆ ಆ ಕ್ಷಣವೇ ತಿಳಿಯಿತು. "ವೈನಿ, ಕಟ್ಟಿ ಅಷ್ಟ ಐತಿ. ಮೂಲ್ಯಾಗ ಮಿಕ್ಸರ್ ಇಟ್ಟಾರ."

"ಇದನ್ನ ಫುಕಟ್ ಅಂದ್ರೆಲ್ಲಾ?" ಎಂದು ನಾನು ಅಂಗಡಿಯವರನ್ನು ಕೇಳಿದೆ.

"ಎಲ್ಲಾರಿಗೂ ಹಂಗ ಇರ್ತೈತ್ರಿ. ಯಾರೂ ಕೇಳಂಗಿಲ್ಲ."

"ಕೇಳದಿದ್ರ ಹೇಳಂಗಿಲ್ಲೇನು?"

ನಾನು ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಎಳೆದುಕೊಂಡು ಕುಳಿತೆ. ಒಬ್ಬ ಗಿರಾಕಿ ಒಳಗೆ ಬರಲು ನೋಡಿ, ನನ್ನನ್ನು ನೋಡಿ, ಹಾಗೇ ಮುಂದೆ ಹೋದ. ಅಂಗಡಿಯವರು ಯಂತ್ರಕ್ಕೆ ತಮ್ಮ ಪರದೆ ಹಚ್ಚಿದರು. "ಇದರ ಪಾಲ ಕಡಿಮಿ ಮಾಡಾಕ ಬರ್ತೈತ್ರಿ. ನಿಮ್ಮ ಪತ್ರಿಕಿ ಕೆಲಸಕ್ಕ ಎಂಟು ಬೇಕಾಗಿಲ್ಲ, ಎರಡು ಸಾಕು."

"ಆ ಎರಡೂ ಯಾಕ?"

"ಅದಕ್ಕೂ ಹೊಟ್ಟಿ ಐತೆಲ್ರೀ ಅಕ್ಕಾರ!"

ನಾದಿನಿ ನಕ್ಕುಬಿಟ್ಟಳು. ನಾನೂ ನಗಬೇಕಾಯಿತು, ಆದರೂ ಸ್ಟೂಲ್ ಬಿಡಲಿಲ್ಲ. "ಏನ ಮಾಡ್ತೀರಿ ಅದನ್ನ ಈಕಿ ಕೈಲೆ ಮಾಡಸ್ರಿ," ಎಂದೆ.

"ಯಾಕ್ರೀ?"

"ನೀವು ಮಾಡಿದ್ದು ನನಗ ಕಾಣಸಂಗಿಲ್ಲ."

ನಾನು ಮತ್ತೊಮ್ಮೆ ಕೌದಿ ಹೊತ್ತು ಬರಬಾರದೆಂದೇ ಇರಬೇಕು, ಅವರು ಮನಸ್ಸಿಟ್ಟು ಕಲಿಸಿದರು. ಚಾಲೂ ಆಗುವಾಗ ಯಾವ ಕೀ ಒತ್ತಬೇಕು, ನೀಲಿ ಪರದೆಯಲ್ಲಿ ಎಲ್ಲಿಗೆ ಇಳಿಯಬೇಕು, ಯಾವುದನ್ನು ಮುಟ್ಟಬಾರದು. ನಾದಿನಿ ತಾನೇ ಒತ್ತಿ, ತಾನೇ ತಿದ್ದಿ, ಉಳಿಸಿ, ಮತ್ತೆ ಚಾಲೂ ಮಾಡಿದಳು. ನೂರಾ ಇಪ್ಪತ್ತಾರು. ಅವರು ಹೇಳಿದ್ದು ನಿಜವೋ, ಸಿಕ್ಕಿಬಿದ್ದ ಮೇಲೆ ಹೊಳೆದ ಮಾತೋ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಇಂದಿಗೂ ಆ ಮನುಷ್ಯ ಕಳ್ಳನಲ್ಲ ಎಂದು ಮಾತ್ರ ಹೇಳಬಲ್ಲೆ. ಪ್ರಾಮಾಣಿಕ ಎನ್ನಲು ಬಾಯಿ ಬರುವುದಿಲ್ಲ.

ಸಂಜೆ ನಮ್ಮವರು, "ಎಷ್ಟ ಐತಿ ಈಗ?" ಎಂದು ಕೇಳಿದರು.

"ನೂರಾ ಇಪ್ಪತ್ತಾರು," ಎಂದಳು ತಂಗಿ.

"ಉಳದ ಎರಡು?"

ಆಕೆ ಯಂತ್ರ ಚಾಲೂ ಮಾಡಿ, ಕೀ ಒತ್ತಿ, ನೀಲಿ ಪರದೆ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಎಷ್ಟು ತಿಳಿಯಿತೋ ಗೊತ್ತಿಲ್ಲ. ತಂಗಿಯ ಬೆರಳು ಹುಡುಕಾಡದೆ ನೇರ ಆ ಸಾಲಿಗೇ ಹೋದದ್ದನ್ನಂತೂ ನೋಡಿದರು. ಗೂಟದ ಚೀಲದಿಂದ ಮುದ್ದೇಬಿಹಾಳದವರ ಬರಹ ತೆಗೆದು ಕೀಬೋರ್ಡಿನ ಪಕ್ಕದಲ್ಲಿ ಇಟ್ಟು, "ಸೋದರಮಾವಂದ್ರ ಹೆಸರು ಬಿಡಬ್ಯಾಡ," ಎಂದರು.

ಲಗ್ನದ ದಿನಗಳು ಇನ್ನೂ ನಡೆದಿರುವಾಗಲೇ ಹಿರಿಯರು ಮೂರನೆಯ ಸಲ ಬಂದರು. ಜಮಖಾನೆ ಹಾಸಿ ಕೂರಿಸಿದೆ. ಒಳಗಿನ ಕೋಣೆಯಿಂದ ಕೀಬೋರ್ಡಿನ ಸದ್ದು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಅವರಲ್ಲಿ ದೊಡ್ಡವರು ಆ ಕಡೆ ಕತ್ತು ಹೊರಳಿಸಿ, "ಈಕಿ ಬರಂಗಿಲ್ಲೇನು ಮಾತಿಗೆ?" ಎಂದರು.

"ಗಿರಾಕಿ ಕುಂತಾರ್ರಿ. ಅವರ ಪತ್ರಿಕಿ ಮುಗಸಿ ಬರ್ತಾಳ," ಎಂದೆ. "ನೀವು ಚಾ ತೊಗೊಳ್ರಿ."

ಅವರು ಕಪ್ಪನ್ನು ಕೈಗೆ ತೆಗೆದುಕೊಂಡು, ಕುಡಿಯದೆ, ನನ್ನ ಮುಖವನ್ನೇ ಗುಮಾನಿಯಿಂದ ನೋಡಿದರು.