ಗಂಜಿ ಸೀರೆಗೆ ಅಂಟಿದ ಕವಿತೆಗಳು

ರೋಣದ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದ ಅಂಗಡಿಯಲ್ಲಿ ಈಗ ಗೈಡು, ನೋಟ್‌ಬುಕ್ಕು, ಪರೀಕ್ಷೆಗೆ ಓದುವವರ ದಪ್ಪ ಪುಸ್ತಕಗಳೇ ಹೆಚ್ಚು. ಕವಿತೆಗೆ ಒಂದೇ ಹಲಗೆ ಉಳಿದಿದೆ, ಅದೂ ಪಂಚಾಂಗಗಳ ಹಿಂದೆ. "ಗೈಡು ಮಾರಾಟ ಆಗೂದಕ್ಕ ಅಂಗಡಿ ಬಾಗಲಾ ತಗದೈತ್ರಿ, ಇನ್ನ ಎಷ್ಟ ದಿನಾನೋ," ಎನ್ನುತ್ತಾರೆ ಅಂಗಡಿಯ ಚಾಚಾ. ಹೊಳೆಮಣ್ಣೂರಿನವರು, ದಿನಾ ಬಸ್ಸಿಗೆ ಬಂದು ಹೋಗುವವರು. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಕವಿತೆಯ ರುಚಿ ಹತ್ತಿಸಿದವರು ಅವರೇ.

ಅವರೂ ಬರೆಯುತ್ತಾರೆಂದು ತಿಳಿದದ್ದು ತಡವಾಗಿ. ನಲವತ್ತು ವರ್ಷದ ಕವಿತೆಗಳು ಒಂದೇ ದಪ್ಪ ವಹಿಯಲ್ಲಿ, ಶಾಯಿ ಪೆನ್ನಿನ ದುಂಡು ಅಕ್ಷರ. ಬೇರೆ ಪ್ರತಿ ಇರಲಿಲ್ಲ. ಟೈಪ್ ಮಾಡಿ ತಂದರೆ ಪುಸ್ತಕ ಮಾಡಿಕೊಡುವುದಾಗಿ ಗಜೇಂದ್ರಗಡದ ಮುದ್ರಣಾಲಯದವರೊಬ್ಬರು ಹೇಳಿದ್ದರು. ಮೊಬೈಲಿನಲ್ಲಿ ನಾನೇ ಟೈಪ್ ಮಾಡಿಕೊಡುತ್ತೇನೆ ಎಂದು ಮುಂದೆ ಬಿದ್ದೆ. ಎರಡು ಸಲ ವಹಿ ತಂದರು. ಒಮ್ಮೆ ಮಕ್ಕಳ ಪರೀಕ್ಷೆ ಎಂದೆ, ಇನ್ನೊಮ್ಮೆ ಶ್ರಾವಣ ಮುಗಿಯಲಿ ಎಂದೆ. "ಅವಸರಿಲ್ಲ ಬಿಡ್ರಿ, ಬಾಯಾರ," ಎಂದು ಚೀಲಕ್ಕೆ ಹಾಕಿಕೊಂಡು ಹೋದರು.

ಅದೇ ಶ್ರಾವಣದಲ್ಲಿ ಮಲಪ್ರಭೆ ಅವರ ಮನೆಯೊಳಗೆ ಬಂದಳು.

ನೀರಿಳಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ವಹಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹಾಳೆ ನೆನೆದು ಊದಿದ್ದವು, ಆದರೆ ಅಕ್ಷರ ಇನ್ನೂ ಕಾಣುತ್ತಿದ್ದವು. "ಮನಿ ತುಂಬ ರಾಡಿ ಐತ್ರಿ, ಹರವಾಕ ಜಾಗಾ ಇಲ್ಲ. ನೀವ ಒಣಗಿಸಿ ಕೊಡ್ರಿ," ಎಂದರು.

ಹೊಲಿಗೆ ಬಿಚ್ಚಿದೆ. ಮಾಳಿಗೆಯ ಮೇಲೆ ಸಂಡಿಗೆಗೆ ಹಾಸುವಂತೆ ಬಿಳಿ ಹತ್ತಿ ಸೀರೆ ಹಾಸಿ ಒಂದೊಂದೇ ಹಾಳೆ ಹರವಿದೆ. ಕಪಾಟಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾಗಿದ್ದ ಸೀರೆಯನ್ನೇ ಆರಿಸಿದ್ದೆ. ಅತ್ತೆ ಅದಕ್ಕೆ ಗಂಜಿ ಹಾಕಿ ಮಡಚಿಟ್ಟಿದ್ದರು ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಎತ್ತಹೋದರೆ ಹಾಳೆ ಬರಲಿಲ್ಲ. ಒದ್ದೆಗೆ ಗಂಜಿ ಅಂಟಾಗಿ ಬಿಸಿಲಿಗೆ ಬಿಗಿದಿತ್ತು. ಎಳೆದದ್ದು ಹರಿಯಿತು, ನೀರು ಚಿಮುಕಿಸಿ ಬಿಡಿಸಿದ್ದರಲ್ಲಿ ಶಾಯಿಯೆಲ್ಲ ಸೀರೆಗೆ ಇಳಿದಿತ್ತು. ಅತ್ತೆ ಮೆಟ್ಟಿಲ ಮೇಲೇ ನಿಂತು, "ಇಷ್ಟ ಸಾಲಿ ಕಲತು ಗಂಜಿ ಸೀರಿ ಗೊತ್ತಾಗ್ಲಿಲ್ಲೇನ ನಿನಗ?" ಎಂದರು. ಆಮೇಲೆ ಅವರೂ ಪಕ್ಕಕ್ಕೆ ಕೂತು ಬಿಡಿಸತೊಡಗಿದರು.

ಮರುದಿನ ಬಂದ ಚಾಚಾ ಸೀರೆಯ ನೀಲಿ ಕಲೆಗಳ ಮೇಲೆ ಬೆರಳಾಡಿಸಿ, "ಹೊಳಿ ಓದಿ ಬಿಟ್ಟಿದ್ದನ್ನ ಸೀರಿ ಓದಿ ಮುಗಿಸೈತಿ ನೋಡ್ರಿ," ಎಂದು ನಗಲು ನೋಡಿದರು. ನಾನು ಮೊಬೈಲ್ ಹಿಡಿದು, "ನೆನಪಿದ್ದಷ್ಟು ಹೇಳ್ರಿ ಚಾಚಾ, ಈಗ ಬರಕೋತೀನಿ," ಎಂದೆ.

ಮೂರು ಕವಿತೆ ಪೂರ್ತಿ ಬಂದವು. ನಾಲ್ಕನೆಯದು ಮದುವೆಯ ಹೊಸದರಲ್ಲಿ ಹೆಂಡತಿಗೆ ಬರೆದದ್ದು; ಅವರು ಈಗಿಲ್ಲ. ಎರಡು ಸಾಲಿಗೆ ನಿಂತಿತು. ಕಣ್ಣು ಮುಚ್ಚಿ ಮತ್ತೆ ಮೊದಲಿಂದ ಹೇಳಿದರು. ಅಲ್ಲೇ ನಿಂತಿತು.

"ಹೊಸದಾಗಿ ಬರೀರಲ್ಲ," ಎಂದೆ. ಅಂದ ಕೂಡಲೇ ನಾಚಿಕೆಯಾಯಿತು.

"ಬರಿಯಾಕ ಅವತ್ತ ಬರದ ಆ ಹುಡುಗ ಈಗ ಎಲ್ಲಿ ಅದಾನ್ರಿ, ಬಾಯಾರ," ಎಂದರು.

ಈಗಲೂ ಅಂಗಡಿಗೆ ಹೋಗುತ್ತೇನೆ. ಮನೆಯವರ ಯೋಗಕ್ಷೇಮ ಕೇಳುತ್ತಾರೆ, ಕೂಡಲು ಸ್ಟೂಲು ಸರಿಸುತ್ತಾರೆ. ಮುದ್ರಣದ ಮಾತನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆ ಮೂರು ಕವಿತೆ ನನ್ನ ಮೊಬೈಲಿನಲ್ಲೇ ಇವೆ. ಟೈಪ್ ಮಾಡಲು ಅರ್ಧ ಗಂಟೆಯೂ ಹಿಡಿದಿರಲಿಲ್ಲ.