ಸಬ್‌ಜೈಲಿನ ಹೆಂಗಸಿಗೆ ಜೊತೆ

ಅರವತ್ತರ ದಶಕದಲ್ಲಿ ಹೊಸನಗರದ ಸಬ್‌ಜೈಲು ತಾಲ್ಲೂಕು ಕಚೇರಿಯ ಹಿಂದೆಯೇ ಇತ್ತು; ರಾಜರ ಕಾಲದ ಕಲ್ಲುಗೋಡೆ, ಎರಡು ಕೋಣೆ. ಕೈದಿಗಳಿಗೆ ಊಟ ಹೋಟೆಲಿನಿಂದ ಬರುತ್ತಿತ್ತು. ಹೆಂಗಸರು ಅಲ್ಲಿಗೆ ಬರುವುದು ಅಪರೂಪವಾದ್ದರಿಂದ ಹೆಣ್ಣು ಕಾವಲುಗಾರರು ಇರಲಿಲ್ಲ. ಬಂದರೆ ಊರಿನ ಒಬ್ಬಳನ್ನು ದಿನಗೂಲಿಗೆ ಕರೆಸುತ್ತಿದ್ದರು. ಒಮ್ಮೆ ಹಾಗೆ ಕೈದಿ ಹೆಂಗಸೊಬ್ಬಳು ಬಂದಾಗ ಆ ಕೂಲಿಯವಳಿಗೆ ಜ್ವರ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನನ್ನನ್ನೇ ಕಳಿಸಿದರು. "ಸಾಗರದ ಕೋರ್ಟಿಗೆ ಹೋಗಿ ಬಂದರಾಯಿತು."

ನಾನು ಕಾಯಬೇಕಿದ್ದವಳು ನಲವತ್ತರ ಆಸುಪಾಸಿನ ರೈತ ಹೆಂಗಸು. ಗಂಡ ಕಾಯಿಸಿದ ಕಳ್ಳಭಟ್ಟಿ ಹಿತ್ತಲಲ್ಲಿ ಸಿಕ್ಕಿತ್ತು, ಗಂಡ ಸಿಕ್ಕಿರಲಿಲ್ಲ. ಬಸ್ಸು ಹತ್ತುವ ಮೊದಲೇ ಅವಳು ನಮ್ಮ ಜೊತೆ ಹೊರಟಿದ್ದ ಪೊಲೀಸಿನವನಿಗೆ ಕೈಮುಗಿದಳು. "ಅಣ್ಣ, ನೀವು ಹಿಂದೆ ಕೂತ್ಕಳಿ. ಮಗಳ ಮದುವೆ ನಿಶ್ಚಯ ಆಗಿದೆ. ಬೀಗರೂರು ಈ ದಾರೀಲೇ ಇರೋದು. ನಾನು ತೀರ್ಥಹಳ್ಳಿ ತವರಿಗೆ ಹೋಗಿದೀನಿ ಅಂತ ಹೇಳಿದೀವಿ." ಅವನು ಹಿಂದೆ ಹೋಗಿ ಕೂತ.

ಬಟ್ಟೆಮಲ್ಲಪ್ಪದ ನಿಲ್ದಾಣದಲ್ಲಿ ಆ ಬೀಗಿತಿಯೇ ಹತ್ತಿದಳು.

"ಓ ಬೀಗ್ತಿ! ತವರುಮನೆ ಸಾಕಾಯ್ತಾ?" ಎನ್ನುತ್ತ ನಮ್ಮಿಬ್ಬರ ನಡುವೆ ತೂರಿಕೊಂಡು ಕೂತಳು. ಆಮೇಲೆ ಕಣ್ಣು ನನ್ನ ಮೇಲೆ. "ಇವರ್ಯಾರು?"

"ಜೊತೆಗೆ ಬಂದಿದೀನಿ," ಎಂದೆ.

"ಟೀಚರಮ್ಮ ಇರ್ಬೇಕು, ಮಾತು ಅಳೆದು ಕೊಡ್ತಾರೆ. ಮದುವೆ ಆಗಿದ್ಯಾ? ಇಲ್ವಾ! ಇಷ್ಟು ಓದ್ಸಿದ್ರೆ ಗಂಡು ಎಲ್ಲಿಂದ ತರ್ತಾರೆ ಪಾಪ."

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಹಿಂದಿನಿಂದ ಪೊಲೀಸಿನವನ ಕೆಮ್ಮು ಕೇಳುತ್ತಿತ್ತು. ಎಲ್ಲಿ ಎದ್ದು ಬರುತ್ತಾನೋ ಎಂದು ಪ್ರತಿ ನಿಲ್ದಾಣದಲ್ಲೂ ಕತ್ತು ತಿರುಗಿಸಿ ನೋಡಿದೆ.

ಸಾಗರದಲ್ಲಿ ಇಳಿದ ಕೂಡಲೇ ಬೀಗಿತಿ ನನ್ನ ಕೈದಿಯ ಕೈ ಹಿಡಿದಳು. "ಬನ್ನಿ, ಧಾರೆ ಸೀರೆ ನೋಡೇಬಿಡಣ."

"ಇವರಿಗೆ ಹುಷಾರಿಲ್ಲ. ಆಸ್ಪತ್ರೆಗೆ ಹೋಗಬೇಕು," ಎಂದೆ.

"ಅಯ್ಯೋ, ಹಂಗಾದ್ರೆ ನಾನೂ ಬರ್ತೀನಿ. ಸೀರೆ ಎಲ್ಲಿ ಓಡಿಹೋಗ್ತದೆ?"

ದೂರದಲ್ಲಿ ನಿಂತಿದ್ದ ಪೊಲೀಸಿನವನು ಗಡಿಯಾರ ನೋಡಿಕೊಂಡ. ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ.

"ಆಸ್ಪತ್ರೆಗಲ್ಲ ಬೀಗ್ತಿ, ಕೋರ್ಟಿಗೆ," ಎಂದಳು ಆ ಹೆಂಗಸು. "ಭಟ್ಟಿ ಕೇಸು. ಜೈಲಿಂದ ಬಂದಿದೀನಿ."

ಬೀಗಿತಿ ಕೈ ಬಿಟ್ಟಳು. ಪೊಲೀಸಿನವನನ್ನು ನೋಡಿದಳು, ನನ್ನನ್ನು ನೋಡಿದಳು. "ಭಟ್ಟಿ ನಿಮ್ದಾ, ನಿಮ್ಮ ಯಜಮಾನ್ರದ್ದಾ?"

ಆ ಹೆಂಗಸು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

"ಹ್ಞೂ. ನಮ್ಮನೇರು ಕುಡ್ಕೊಂಡು ಬರೋದು ಎಲ್ಲಿಂದ ಅಂತ ಈಗ ಗೊತ್ತಾಯ್ತು." ಬೀಗಿತಿ ನಗಲಿಲ್ಲ. "ಮದುವೆ ನಿಲ್ಸಕ್ಕೆ ಆ ಹುಡುಗಿ ಏನು ಮಾಡಿದಾಳೆ? ನಡೀರಿ. ಕೋರ್ಟು ಯಾವ ಕಡೆ?"

ಪೊಲೀಸಿನವನು ಕೈ ತೋರಿಸಿದ ಕಡೆಗೆ ಅವಳೇ ಮುಂದೆ ಹೊರಟಳು. ಪೇಟೆ ದಾಟುವವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಪಕ್ಕದವಳು ಆ ಬೆನ್ನನ್ನೇ ನೋಡುತ್ತ ನಡೆದಳು.